‘ಇದೊಂದು ಟೂರ್ನಮೆಂಟ್ ಮುಗೀಲಿ’: ಒಬ್ಬ ಸ್ಕ್ವಾಷ್ ಹುಡುಗಿಯ ಪ್ರಕರಣ

2023ರ ಜನವರಿ ಕೊನೆಯಲ್ಲಿ ನನ್ನ ವಾಟ್ಸ್ಆ್ಯಪ್‌ಗೆ ಒಂದು ಎಂಆರ್‌ಐ ರಿಪೋರ್ಟ್ ಬಂತು. ಕಳಿಸಿದವರು ಹುಡುಗಿಯ ಅಪ್ಪ. ಬೆನ್ನುಮೂಳೆಯ ಕೆಳಭಾಗದಲ್ಲಿ, ಎಡಗಡೆ, ಬಿರುಕು. ಬಲಗಡೆಯೂ ಊತ ಶುರುವಾಗಿತ್ತು. ರಿಪೋರ್ಟಿನ ಕೆಳಗೆ ಅಪ್ಪ ಒಂದೇ ಸಾಲು ಬರೆದಿದ್ದರು: ‘ಮೇಡಂ, ಏಪ್ರಿಲ್ ಟ್ರಯಲ್ಸ್‌ಗೆ ಆಗುತ್ತಾ?’

ಅವರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಆ ಹೊತ್ತಿಗೆ ನಾವೆಲ್ಲ ಹಾಗೇ ಯೋಚಿಸುತ್ತಿದ್ದೆವು. ಅಪ್ಪ, ಅಮ್ಮ, ಚೆನ್ನೈನ ಕೋಚ್, ನಾನು, ಹುಡುಗಿಯೂ ಸಹ. ಆ ಸಾಲಿನ ತನಕ ಹೇಗೆ ಬಂದೆವು, ಆಮೇಲೆ ಏನು ಮಾಡಿದೆವು ಅನ್ನುವುದು ಬೇರೆಯವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಮನೆಯವರು ಒಪ್ಪಿದ್ದಾರೆ. ಹೆಸರು ಹಾಕಿಲ್ಲ, ಗುರುತು ಸಿಗುವ ಕೆಲವು ವಿವರ ಬದಲಿಸಿದ್ದೇನೆ. ನಾನು ಅವಳ ಮೊದಲ ಕೋಚ್. ಇದರಲ್ಲಿ ನನ್ನದೂ ಒಂದು ದೊಡ್ಡ ತಪ್ಪಿದೆ, ಮುಂದೆ ಬರುತ್ತದೆ.

ಹಿನ್ನೆಲೆ

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್‌ಗಳ ಕ್ಲಬ್‌ಹೌಸಿನಲ್ಲಿ ಎಷ್ಟೋ ಕಡೆ ಒಂದು ಸ್ಕ್ವಾಷ್ ಕೋರ್ಟ್ ಇರುತ್ತದೆ. ಮಾರುವಾಗ ಬ್ರೋಷರಿನಲ್ಲಿ ಚೆನ್ನಾಗಿ ಕಾಣುತ್ತದೆ. ಆಮೇಲೆ ಗಣೇಶನ ಹಬ್ಬದ ಪ್ಲಾಸ್ಟಿಕ್ ಕುರ್ಚಿಗಳನ್ನು ಒಟ್ಟಲು ಅದೇ ಜಾಗ. ಈ ಹುಡುಗಿ ಎಂಟನೇ ವಯಸ್ಸಿನಲ್ಲಿ ಆಟ ಶುರು ಮಾಡಿದ್ದು ಅಂಥ ಕೋರ್ಟಿನಲ್ಲಿ. ಕುರ್ಚಿಗಳನ್ನು ಒಂದು ಗೋಡೆಗೆ ಸರಿಸಿ, ಉಳಿದ ಜಾಗದಲ್ಲಿ ಅಪ್ಪನ ಜೊತೆ.

ಸ್ಕ್ವಾಷ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಕೋರ್ಟ್ 9.75 ಮೀಟರ್ ಉದ್ದ, 6.4 ಮೀಟರ್ ಅಗಲ. ಇಬ್ಬರೂ ಅದೇ ಡಬ್ಬಿಯೊಳಗೆ. ಎರಡು ಹಳದಿ ಚುಕ್ಕಿಯ ಚೆಂಡು ಹೊಡೆದು ಹೊಡೆದು ಬಿಸಿಯಾಗದಿದ್ದರೆ ಸರಿಯಾಗಿ ಪುಟಿಯುವುದೇ ಇಲ್ಲ. ನಡುವೆ ಗೆರೆಗಳು ಕೂಡುವ ಜಾಗಕ್ಕೆ ಟೀ ಅಂತಾರೆ. ಪ್ರತಿ ಹೊಡೆತಕ್ಕೂ ಟೀಯಿಂದ ಮೂಲೆಗೆ ಓಡು, ಒಂದು ಕಾಲು ಚಾಚಿ ಬಾಗು, ಸೊಂಟ ತಿರುಗಿಸಿ ಹೊಡೆ, ಮತ್ತೆ ಟೀಗೆ ಬಾ. ಒಂದು ಮ್ಯಾಚಿನಲ್ಲಿ ಇದು ನೂರಾರು ಸಲ. ಇದನ್ನು ನೆನಪಿಟ್ಟುಕೊಳ್ಳಿ, ಬೆನ್ನಿನ ಕಥೆ ಇದರಲ್ಲೇ ಇದೆ.

ಹತ್ತನೇ ವಯಸ್ಸಿಗೆ ನನ್ನ ಹತ್ತಿರ ಬಂದಳು. ಕೈ ತುಂಬಾ ಚುರುಕು. ಮುಂದಿನ ಗೋಡೆಯ ತಳದಲ್ಲಿ ಟಿನ್ ಅನ್ನುವ ಪಟ್ಟಿ ಇರುತ್ತದೆ, ಚೆಂಡು ಅದಕ್ಕೆ ತಗುಲಿದರೆ ಪಾಯಿಂಟ್ ಹೋಯಿತು; ಅದರ ಮೇಲೆ ಒಂದು ಬೆರಳಿನಷ್ಟು ಎತ್ತರಕ್ಕೆ ಡ್ರಾಪ್, ಅಂದರೆ ಮೆಲ್ಲಗೆ ಮುಂದೆ ಬೀಳಿಸುವ ಹೊಡೆತ, ಹಾಕಿ ನನ್ನನ್ನೇ ಓಡಿಸುತ್ತಿದ್ದಳು. ಕೋವಿಡ್‌ನಲ್ಲಿ ಕೋರ್ಟ್‌ಗಳೆಲ್ಲ ಮುಚ್ಚಿದವು, ಇವಳು ಪಾರ್ಕಿಂಗ್ ಗೋಡೆಗೆ ಹೊಡೆದುಕೊಂಡಿದ್ದಳು. ಮತ್ತೆ ಟೂರ್ನಮೆಂಟ್ ಶುರುವಾದಾಗ ಹದಿನೈದರೊಳಗಿನವರ ಗುಂಪಿನಲ್ಲಿ ದೇಶಕ್ಕೆ ಮೂರನೆಯವಳಾದಳು. ಅಷ್ಟು ಬೇಗ ಮೇಲೆ ಹೋಗುತ್ತಾಳೆ ಅಂತ ನಾನೂ ಎಣಿಸಿರಲಿಲ್ಲ.

ಅಪ್ಪ ಖಾಸಗಿ ಕಂಪನಿಯಲ್ಲಿ ಎಂಜಿನಿಯರ್. ಎಲ್ಲದಕ್ಕೂ ಎಕ್ಸೆಲ್ ಶೀಟ್. ಟೂರ್ನಮೆಂಟ್, ಊರು, ಖರ್ಚು, ಪಾಯಿಂಟ್, ರ‍್ಯಾಂಕ್ ಅಂತ ಐದು ಕಾಲಂ. ಅಮ್ಮ ಶಾಲೆಯಲ್ಲಿ ಟೀಚರ್. 2022ರ ಬೇಸಿಗೆಯಲ್ಲಿ ಅವರು ಕೆಲಸ ಬಿಟ್ಟು ಮಗಳ ಜೊತೆ ಚೆನ್ನೈಗೆ ಹೋಗಿ ಬಾಡಿಗೆ ಮನೆ ಮಾಡಿದರು. ಯಾಕೆ ಚೆನ್ನೈ ಅಂದರೆ, ಭಾರತದ ಸ್ಕ್ವಾಷ್‌ಗೆ ಮನೆ ಅಂದರೆ ಅದೇ. ಇಂಡಿಯನ್ ಸ್ಕ್ವಾಷ್ ಅಕಾಡೆಮಿ ಇರುವುದು ಅಲ್ಲಿ. ಕೊಡಗು ಮೂಲದ ಜೋಶ್ನಾ ಚಿನ್ನಪ್ಪ, ದೀಪಿಕಾ ಪಳ್ಳಿಕಲ್ ಇಬ್ಬರೂ ಆ ಊರಲ್ಲೇ ಬೆಳೆದವರು. ಸೌರವ್ ಘೋಷಾಲ್ ಕೋಲ್ಕತ್ತಾದಿಂದ ಅಲ್ಲಿಗೆ ಬಂದು ತರಬೇತಿ ಪಡೆದವರು. ನಮ್ಮ ಹುಡುಗಿ ಸೇರಿದ್ದು ಅದೇ ಊರಿನ ಒಬ್ಬ ಖಾಸಗಿ ಕೋಚ್ ಹತ್ತಿರ. ಕಳಿಸಿ ಅಂತ ಹೇಳಿದವಳು ನಾನೇ. ಆ ಸಲಹೆ ತಪ್ಪು ಅಂತ ಇವತ್ತಿಗೂ ಅನ್ನಿಸಿಲ್ಲ. ತಪ್ಪಾಗಿದ್ದು ಬೇರೆ ಕಡೆ.

ಅಕ್ಟೋಬರ್‌ನಿಂದ ಜನವರಿವರೆಗೆ

ಆ ಜುಲೈಗೆ ಅವಳಿಗೆ ಹದಿನೈದು ತುಂಬಿತು. ಅಂದರೆ ಹದಿನೇಳರೊಳಗಿನವರ ಗುಂಪಿಗೆ ಹೋದಳು. ಇದು ಜೂನಿಯರ್ ಸ್ಕ್ವಾಷ್‌ನಲ್ಲಿ ಎಲ್ಲರಿಗೂ ಬೀಳುವ ಪೆಟ್ಟು. ನಿನ್ನೆ ಮೂರನೇ ರ‍್ಯಾಂಕ್, ಇವತ್ತು ಎರಡು ವರ್ಷ ದೊಡ್ಡವರ ಮಧ್ಯೆ ಎಲ್ಲೋ ಮೂವತ್ತರ ಆಸುಪಾಸು. ಮೇಲೆ ಹೋಗಬೇಕಾದರೆ ಜಾಸ್ತಿ ಟೂರ್ನಮೆಂಟ್ ಆಡಬೇಕು ಅನ್ನುವ ಲೆಕ್ಕ. ಅದೇ ವರ್ಷ ಅವಳು ಒಂಬತ್ತು ಸೆಂಟಿಮೀಟರ್ ಎತ್ತರವಾಗಿದ್ದಳು. ಅದೇ ವರ್ಷ ಎಸ್ಸೆಸ್ಸೆಲ್ಸಿ. ಅದೇ ವರ್ಷ ತರಬೇತಿ ದಿನಕ್ಕೆ ಒಂದರಿಂದ ಎರಡು ಸೆಷನ್ ಆಯಿತು. ನಾಲ್ಕೂ ಒಟ್ಟಿಗೆ ಬಂದಿವೆ ಅಂತ ಒಂದು ಕಡೆ ಬರೆದಿಟ್ಟು ನೋಡಿದವರು ಯಾರೂ ಇಲ್ಲ. ಅಪ್ಪನ ಶೀಟಿನಲ್ಲಿ ಎತ್ತರಕ್ಕೆ ಕಾಲಂ ಇರಲಿಲ್ಲ, ನೋವಿಗೂ ಇರಲಿಲ್ಲ.

ಅಕ್ಟೋಬರ್‌ನಲ್ಲಿ ಸೊಂಟದ ಮೇಲೆ ಎಡಗಡೆ ನೋವು ಕಾಣಿಸಿಕೊಂಡಿತು. ಬಲಗೈ ಆಟಗಾರ್ತಿ. ಹಿಂದಿನ ಮೂಲೆಯಿಂದ ಫೋರ್‌ಹ್ಯಾಂಡ್ ಹೊಡೆಯುವಾಗ ಜಾಸ್ತಿ. ಎರಡು ದಿನ ಬಿಟ್ಟರೆ ಕಡಿಮೆ. ಒಬ್ಬ ಫಿಸಿಯೊ ಟೇಪ್ ಹಾಕಿದರು. ಎಕ್ಸ್-ರೇ ತೆಗೆಸಿದರು, ಏನೂ ಕಾಣಲಿಲ್ಲ. ಇಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಇಂಥ ಬಿರುಕು ಶುರುವಿನಲ್ಲಿ ಎಕ್ಸ್-ರೇಗೆ ಸಿಗದೆ ತಪ್ಪಿಸಿಕೊಳ್ಳುವುದು ಮಾಮೂಲು. ಎಂಆರ್‌ಐ ಬೇಕು. ಬೆಳೆಯುವ ವಯಸ್ಸಿನ ಆಟಗಾರರಿಗೆ ಬೆನ್ನುನೋವು ಎರಡು ಮೂರು ವಾರ ಬಿಡದಿದ್ದರೆ, ಹಿಂದಕ್ಕೆ ಬಾಗಿದಾಗ ಜಾಸ್ತಿಯಾದರೆ, ಅದನ್ನು ಸುಮ್ನೆ ಉಳುಕು ಅಂದುಕೊಳ್ಳಬಾರದು. ಕ್ರಿಕೆಟ್‌ನಲ್ಲಿ ವೇಗದ ಬೌಲರ್‌ಗಳಿಗೆ ಇದೇ ಆಗುತ್ತದೆ. 2019ರಲ್ಲಿ ಬುಮ್ರಾ ತಂಡದಿಂದ ಹೊರಗಿದ್ದದ್ದು ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್‌ನಿಂದ. ಆ ಸುದ್ದಿ ನಾವೆಲ್ಲ ಓದಿದ್ದೆವು. ಹಿಂದಕ್ಕೆ ಬಾಗುವುದು, ತಿರುಗುವುದು, ಒಂದೇ ಕಡೆಯಿಂದ ಮತ್ತೆ ಮತ್ತೆ ಹೊಡೆಯುವುದು. ಸ್ಕ್ವಾಷ್‌ನಲ್ಲಿ ನಾವು ಮಾಡುವುದೂ ಅದನ್ನೇ ಅಲ್ವಾ? ಎರಡನ್ನೂ ಜೋಡಿಸಿ ನೋಡಲಿಲ್ಲ.

ಇನ್ನು ನನ್ನ ತಪ್ಪು. ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಒಂದು ಟೂರ್ನಮೆಂಟ್ ಇತ್ತು. ಅವಳು ಶೂ ಲೇಸ್ ಕಟ್ಟಿ ಏಳುವಾಗ ಬೆನ್ನಿಗೆ ಕೈ ಕೊಟ್ಟಿದ್ದನ್ನು ನೋಡಿದೆ. ‘ಏನಾಯ್ತೇ?’ ಅಂದೆ. ‘ಟೈಟ್ ಆಗಿದೆ ಅಷ್ಟೇ ಅಕ್ಕ’ ಅಂದಳು. ನಾನು ದಿನಾ ಬೆಳಿಗ್ಗೆ ಭುಜಂಗಾಸನ ಮಾಡು ಅಂತ ಹೇಳಿಕೊಟ್ಟೆ. ಬೆನ್ನನ್ನು ಹಿಂದಕ್ಕೆ ಬಗ್ಗಿಸುವ ಆಸನ. ಬಿರುಕು ಬಿಡುತ್ತಿರುವ ಜಾಗಕ್ಕೆ ಅದಕ್ಕಿಂತ ಕೆಟ್ಟ ಸಲಹೆ ಇರಲಿಲ್ಲ. ಅವಳು ಶಿಸ್ತಿನ ಹುಡುಗಿ, ಆರು ವಾರ ಬಿಡದೆ ಮಾಡಿದಳಂತೆ.

ಡಿಸೆಂಬರ್‌ನಲ್ಲಿ ನೋವು ಮೆಟ್ಟಿಲು ಇಳಿಯುವಾಗಲೂ ಬರತೊಡಗಿತು. ಆದರೆ ಜನವರಿ ಮೊದಲ ವಾರ ಇಂಗ್ಲೆಂಡಿನಲ್ಲಿ ಬ್ರಿಟಿಷ್ ಜೂನಿಯರ್ ಓಪನ್. ಜಗತ್ತಿನ ಜೂನಿಯರ್‌ಗಳೆಲ್ಲ ಕನಸು ಕಾಣುವ ಟೂರ್ನಮೆಂಟ್. 2004ರಲ್ಲಿ ಸೌರವ್, 2005ರಲ್ಲಿ ಜೋಶ್ನಾ ಹತ್ತೊಂಬತ್ತರೊಳಗಿನ ಪಟ್ಟ ಗೆದ್ದದ್ದು ಅಲ್ಲೇ. ಅಪ್ಪ ಎಫ್‌ಡಿ ಮುರಿಸಿ ಟಿಕೆಟ್ ಮಾಡಿದ್ದರು. ವೀಸಾ ಬಂದಿತ್ತು. ಕೋಚ್ ಅಂದರು, ‘ಇದೊಂದು ಟೂರ್ನಮೆಂಟ್ ಮುಗೀಲಿ, ಬಂದ ಮೇಲೆ ರೆಸ್ಟ್ ಕೊಡೋಣ.’ ಅಪ್ಪನೂ ಅದನ್ನೇ ಅಂದರು. ಹುಡುಗಿ ಎಲ್ಲರಿಗಿಂತ ಮೊದಲು ಅಂದಿದ್ದಳು. ಅಮ್ಮ ಒಬ್ಬರು ಬೇಡ ಅಂದರಂತೆ, ಆದರೆ ‘ನಂಗೆ ಆಟ ಗೊತ್ತಾಗಲ್ಲ’ ಅಂತ ಸುಮ್ಮನಾದರು. ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಕಾಡುವುದು ಈ ಮಾತು. ಮಗಳು ರಾತ್ರಿ ಮಗ್ಗುಲು ಬದಲಿಸುವಾಗ ಮುಲುಗುವುದನ್ನು ಪಕ್ಕದಲ್ಲಿ ಮಲಗಿ ಕೇಳಿದವರು ಅವರೊಬ್ಬರೇ.

ನೋವಿನ ಮಾತ್ರೆ ನುಂಗಿ ಆಡಿದಳು. ಮೊದಲ ಸುತ್ತಿನಲ್ಲೇ 0–3 ಸೋಲು. ಆಮೇಲೆ ಸೋತವರಿಗಾಗಿ ನಡೆಸುವ ಸುತ್ತುಗಳಲ್ಲೂ ಇಳಿದಳು, ದುಡ್ಡು ಕೊಟ್ಟು ಬಂದಿದ್ದೇವಲ್ಲ ಅಂತ. ಎರಡನೇ ಮ್ಯಾಚಿನ ನಡುವೆ ಫೋರ್‌ಹ್ಯಾಂಡ್ ಹೊಡೆದು ಗೋಡೆಗೆ ಒರಗಿ ನಿಂತಳು. ಅಷ್ಟೇ.

ಮೊದಲ ಸಲ ಮರಳಿದ್ದು

ಡಾಕ್ಟರ್ ಹೇಳಿದ್ದು ಸ್ಪಷ್ಟವಾಗಿತ್ತು. ಕನಿಷ್ಠ ಮೂರು ತಿಂಗಳು ಆಟ ಇಲ್ಲ. ಆಮೇಲೆ ನಿಧಾನವಾಗಿ, ಹಂತ ಹಂತವಾಗಿ. ನಾವು ಅದನ್ನು ಕೇಳಿಸಿಕೊಂಡದ್ದು ‘ಮೂರು ತಿಂಗಳು’ ಅಂತ ಮಾತ್ರ. ಕನಿಷ್ಠ ಅನ್ನುವ ಪದ ಗಾಳಿಗೆ ಹೋಯಿತು. ಏಪ್ರಿಲ್ ಮಧ್ಯದಲ್ಲಿ ಏಷ್ಯನ್ ಜೂನಿಯರ್‌ಗೆ ತಂಡ ಆರಿಸುವ ಟ್ರಯಲ್ಸ್ ಇತ್ತು. ಎಂಆರ್‌ಐ ಆದ ಹತ್ತನೇ ವಾರಕ್ಕೆ ಅವಳು ಕೋರ್ಟಿಗೆ ಇಳಿದಳು. ನೋವು ಇರಲಿಲ್ಲ, ಅದೇ ಧೈರ್ಯ. ಬೋರ್ಡ್ ಪರೀಕ್ಷೆಗೆ ಅಂತ ತಿಂಗಳು ಕೂತಿದ್ದಳಲ್ಲ, ಹಾಗಾಗಿ ನೋವಿರಲಿಲ್ಲ ಅಷ್ಟೇ. ಮೂಳೆ ಕೂಡಿತ್ತು ಅಂತಲ್ಲ.

ಟ್ರಯಲ್ಸ್‌ನಲ್ಲಿ ಎರಡು ಮ್ಯಾಚ್ ಗೆದ್ದಳು. ಮೂರನೆಯದರಲ್ಲಿ ಮತ್ತೆ ಅದೇ ಎಡಗಡೆ. ಎರಡನೇ ಸ್ಕ್ಯಾನ್‌ನಲ್ಲಿ ಬಿರುಕು ಮೊದಲಿಗಿಂತ ಸ್ವಲ್ಪ ಜಾಸ್ತಿಯೇ ಕಂಡಿತು.

ಮೊದಲನೆಯ ಸಲದ್ದು ಗೊತ್ತಿಲ್ಲದೆ ಮಾಡಿದ ತಪ್ಪು. ಎರಡನೆಯದು ಗೊತ್ತಿದ್ದೇ ಮಾಡಿದ್ದು. ಮೇ ತಿಂಗಳಿಡೀ ಆ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ ಅಂತ ಅಮ್ಮ ಆಮೇಲೆ ಹೇಳಿದರು. ಹುಡುಗಿ ರ‍್ಯಾಕೆಟ್ ಬ್ಯಾಗನ್ನು ಅಟ್ಟಕ್ಕೆ ಹಾಕಿಸಿದಳು.

ಊಟದ ಟೇಬಲ್

ಜೂನ್‌ನಲ್ಲಿ ಅಮ್ಮನೇ ಎಲ್ಲರನ್ನೂ ಕರೆದರು. ಬೆಂಗಳೂರಿನ ಮನೆ, ಊಟದ ಟೇಬಲ್. ಅಪ್ಪ, ಅಮ್ಮ, ಹುಡುಗಿ, ನಾನು, ಫೋನಿನ ಸ್ಪೀಕರ್‌ನಲ್ಲಿ ಚೆನ್ನೈ ಕೋಚ್. ಅವತ್ತು ನಡೆದದ್ದು ಈ ಪ್ರಕರಣದ ತಿರುವು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಪ್ಪ ಲ್ಯಾಪ್‌ಟಾಪ್ ತೆರೆದರು. ಸೆಪ್ಟೆಂಬರ್‌ನಿಂದ ಶುರು ಮಾಡಿದರೆ ಎಷ್ಟು ಟೂರ್ನಮೆಂಟ್, ಎಷ್ಟು ಪಾಯಿಂಟ್ ಅಂತ. ‘ಅನಾಹತ್ ಸಿಂಗ್ ಹದಿನಾಲ್ಕಕ್ಕೇ ಕಾಮನ್‌ವೆಲ್ತ್‌ಗೆ ಹೋದಳು. ಇವಳಿಗೆ ಹದಿನಾರು ಆಗ್ತಾ ಬಂತು. ನೀವೇ ಹೇಳಿ ಮೇಡಂ’ ಅಂದರು. ಅವರ ಭಯ ಸುಳ್ಳಲ್ಲ. ಸ್ಕ್ವಾಷ್ ಆಟಗಾರ್ತಿ ಅನಾಹತ್ 2022ರಲ್ಲಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಗೇಮ್ಸ್‌ಗೆ ಹೋದ ಭಾರತ ತಂಡದಲ್ಲೇ ಎಲ್ಲರಿಗಿಂತ ಚಿಕ್ಕವಳು. ಆ ಒಂದು ಉದಾಹರಣೆ ಎಷ್ಟು ಮನೆಗಳ ನಿದ್ದೆ ಕೆಡಿಸಿದೆಯೋ.

ನಾನು ಆ ಶೀಟಿನಲ್ಲೇ ಇನ್ನೊಂದು ಲೆಕ್ಕ ಹಾಕೋಣ ಅಂದೆ. ಸೌರವ್ ಘೋಷಾಲ್ ವಿಶ್ವ ರ‍್ಯಾಂಕಿಂಗ್‌ನಲ್ಲಿ ಹತ್ತನೇ ಸ್ಥಾನ ತಲುಪಿದ್ದು 2019ರಲ್ಲಿ. ಆಗ ಅವರಿಗೆ 32. ಜೋಶ್ನಾ ಮೊದಲ ಹತ್ತಕ್ಕೆ ಬಂದದ್ದು 2016ರಲ್ಲಿ, 29ರಲ್ಲಿ. ಅದಕ್ಕೂ ಮೊದಲು ಮೊಣಕಾಲಿನ ಗಾಯದಿಂದ ತಿಂಗಳುಗಟ್ಟಲೆ ಹೊರಗಿದ್ದವರು ಅವರು. ದೀಪಿಕಾ 2021ರ ಅಕ್ಟೋಬರ್‌ನಲ್ಲಿ ಅವಳಿ ಮಕ್ಕಳ ತಾಯಿ. ಮಾರನೇ ಏಪ್ರಿಲ್‌ನಲ್ಲಿ ಗ್ಲಾಸ್ಗೋದಲ್ಲಿ ಜೋಶ್ನಾ ಜೊತೆ ಮಹಿಳಾ ಡಬಲ್ಸ್, ಸೌರವ್ ಜೊತೆ ಮಿಶ್ರ ಡಬಲ್ಸ್, ಎರಡರಲ್ಲೂ ವಿಶ್ವ ಚಾಂಪಿಯನ್. ಅವರಲ್ಲಿ ಯಾರ ಕಥೆಯೂ ಹದಿನೇಳರೊಳಗಿನ ರ‍್ಯಾಂಕಿಂಗ್‌ನಲ್ಲಿ ಮುಗಿಯಲಿಲ್ಲ. ನಾವು ಇವಳ ಬೆನ್ನನ್ನು ಯಾವ ಲೆಕ್ಕಕ್ಕೆ ಅಡ ಇಡುತ್ತಿದ್ದೇವೆ?

ಅಪ್ಪ ತಕ್ಷಣ ಒಪ್ಪಲಿಲ್ಲ. ‘ಅವರೆಲ್ಲ ದೊಡ್ಡವರು’ ಅಂದರು. ಕೋಚ್ ಫೋನಿನಲ್ಲಿ ಏನೋ ಹೇಳಹೊರಟು ನಿಲ್ಲಿಸಿದರು. ಆಗ ಅಮ್ಮ ಹುಡುಗಿಯ ಕಡೆ ತಿರುಗಿ, ‘ನೀನು ಹೇಳು, ಟ್ರಯಲ್ಸ್ ದಿನ ಬೆಳಿಗ್ಗೆ ನೋವಿತ್ತಾ?’ ಅಂದರು. ಅವಳು ತಲೆ ಬಗ್ಗಿಸಿಕೊಂಡು ‘ಹ್ಞೂಂ’ ಅಂದಳು. ‘ಮತ್ಯಾಕೆ ಹೇಳಲಿಲ್ಲ?’ ‘ಅಪ್ಪ ರಜಾ ಹಾಕಿ ಬಂದಿದ್ರಲ್ಲಮ್ಮ.’

ಆಮೇಲೆ ಅಪ್ಪ ಲ್ಯಾಪ್‌ಟಾಪ್ ಮುಚ್ಚಿದರು.

ಅವತ್ತು ಮೂರು ನಿರ್ಧಾರ ಆಯಿತು. ಮುಂದಿನ ಫೆಬ್ರುವರಿವರೆಗೆ ಒಂದೂ ಟೂರ್ನಮೆಂಟ್ ಇಲ್ಲ, ಎಷ್ಟೇ ಚೆನ್ನಾಗಿ ಅನ್ನಿಸಿದರೂ ಇಲ್ಲ. ಅಮ್ಮ, ಮಗಳು ಬೆಂಗಳೂರಿಗೆ ವಾಪಸ್, ಪಿಯುಸಿ ಇಲ್ಲೇ. ಮತ್ತೆ ಆಡಬಹುದು ಅಂತ ಹೇಳುವ ಹಕ್ಕು ಅಪ್ಪನಿಗೂ ಇಲ್ಲ, ಕೋಚ್‌ಗೂ ಇಲ್ಲ, ನನಗಂತೂ ಇಲ್ಲ. ಡಾಕ್ಟರ್ ಮತ್ತು ಫಿಸಿಯೊ ಇಬ್ಬರೂ ಹೂಂ ಅನ್ನಬೇಕು. ಹುಡುಗಿಯೂ ಅನ್ನಬೇಕು. ಅವಳು ಬೇಡ ಅಂದರೆ ಕಾರಣ ಕೇಳುವಂತಿಲ್ಲ. ಈ ಕೊನೆಯದನ್ನು ಸೇರಿಸಿದ್ದು ಚೆನ್ನೈ ಕೋಚ್. ಅವರ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು.

ಆ ಎಂಟು ತಿಂಗಳು

ಮೊದಲ ಮೂರು ತಿಂಗಳು ನಡಿಗೆ, ಹೊಟ್ಟೆ ಮತ್ತು ಸೊಂಟದ ಸ್ನಾಯುಗಳಿಗೆ ವ್ಯಾಯಾಮ. ಅವಳಿಗೆ ವಿಪರೀತ ಬೇಜಾರು. ಮನೆಯವರು ಎದುರಿಸಲು ತಯಾರಿಲ್ಲದಿದ್ದದ್ದು ಈ ಬೇಜಾರನ್ನೇ. ಗಾಯಕ್ಕೆ ಡಾಕ್ಟರ್ ಇದ್ದರು. ದಿನಕ್ಕೆ ಐದು ಗಂಟೆ ಆಡುತ್ತಿದ್ದ ಹುಡುಗಿ ಆ ಐದು ಗಂಟೆಯನ್ನು ಏನು ಮಾಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಗೆಳತಿಯರ ಸ್ಕೋರ್ ನೋಡಬಾರದು ಅಂತ ಫೋನಿನಿಂದ ಒಂದೊಂದೇ ಗ್ರೂಪ್ ಬಿಟ್ಟಳು.

ನಾನು ಅವಳನ್ನು ಮಾರ್ಕರ್ ಮಾಡಿಸಿದೆ. ಚಿಕ್ಕ ಮಕ್ಕಳ ಮ್ಯಾಚಿಗೆ ಸ್ಕೋರ್ ಕೂಗುವುದು, ಹೊರಗೆ ಕೂತು ನೋಡುವುದು. ಬೇಸರ ಕಳೆಯಲಿ ಅಂತ ಮಾಡಿದ್ದು, ಆದರೆ ಅದರಿಂದ ಆಟಕ್ಕೇ ಲಾಭವಾಯಿತು. ಕೋರ್ಟಿನ ಹಿಂದೆ ಗಾಜಿನಾಚೆ ವಾರಗಟ್ಟಲೆ ಕೂತವಳು ಒಂದು ದಿನ ಬಂದು, ‘ಅಕ್ಕ, ಎತ್ತರ ಇರೋರು ಎಲ್ಲಾ ಹಿಂದಿನ ಮೂಲೆಯಲ್ಲಿ ಬೆನ್ನು ಹಿಂದಕ್ಕೆ ಬಾಗಿಸಿ ಹೊಡೀತಾರೆ. ನಾನೂ ಹಾಗೇನಾ?’ ಅಂದಳು. ಹಳೆಯ ವಿಡಿಯೊ ತೆಗೆದು ನೋಡಿದೆವು. ಹೌದು. ಒಂಬತ್ತು ಸೆಂಟಿಮೀಟರ್ ಬೆಳೆದಿದ್ದಳು, ಹೆಜ್ಜೆ ಮಾತ್ರ ಹಳೆಯ ಎತ್ತರದ್ದೇ ಇತ್ತು. ಕಾಲು ಚೆಂಡಿನ ಹತ್ತಿರ ತಲುಪುವ ಮೊದಲೇ ನಿಲ್ಲುತ್ತಿತ್ತು, ಉಳಿದ ದೂರವನ್ನು ಬೆನ್ನು ತಿರುಚಿಕೊಂಡು ತುಂಬುತ್ತಿತ್ತು. ಇದು ಕೋಚ್‌ಗಳ ಕಣ್ಣಿಗೆ ಬೀಳಬೇಕಿತ್ತು. ಬಿದ್ದಿರಲಿಲ್ಲ.

ಅಕ್ಟೋಬರ್‌ನಿಂದ ಚೆಂಡಿಲ್ಲದೆ ಹೆಜ್ಜೆ ಅಭ್ಯಾಸ, ನಾವು ಘೋಸ್ಟಿಂಗ್ ಅನ್ನುವುದು. ಮೊದಲು ಹತ್ತು ನಿಮಿಷ. ಇನ್ನೂ ಒಂದು ದೊಡ್ಡ ಹೆಜ್ಜೆ, ಮೊಣಕಾಲು ಇನ್ನೂ ಕೆಳಗೆ, ಸೊಂಟ ಮೊದಲು ತಿರುಗಲಿ, ಆಮೇಲೆ ಭುಜ. ಅದೇ ದಿನಗಳಲ್ಲಿ ಹೊರಗೆ ದೊಡ್ಡ ದೊಡ್ಡ ಸಂಗತಿ ನಡೆದವು. ಸೆಪ್ಟೆಂಬರ್ 30ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಪುರುಷರ ತಂಡ ಫೈನಲ್‌ನಲ್ಲಿ ನಮ್ಮ ಅಭಯ್ ಸಿಂಗ್ ಪಾಕಿಸ್ತಾನದ ನೂರ್ ಝಮಾನ್ ಎದುರು ಐದನೇ ಗೇಮ್‌ನಲ್ಲಿ 8–10 ಹಿಂದಿದ್ದು, ಎರಡು ಮ್ಯಾಚ್ ಪಾಯಿಂಟ್ ಉಳಿಸಿ 12–10ರಲ್ಲಿ ಗೆದ್ದರು. ತಂಡಕ್ಕೆ ಚಿನ್ನ. ಎರಡು ವಾರದ ನಂತರ ಮುಂಬೈನಲ್ಲಿ ಸೇರಿದ ಒಲಿಂಪಿಕ್ ಸಮಿತಿ ಸ್ಕ್ವಾಷನ್ನು 2028ರ ಲಾಸ್ ಏಂಜಲೀಸ್‌ಗೆ ಸೇರಿಸಿತು. ಅಪ್ಪ ಅವತ್ತು ರಾತ್ರಿ ನನಗೆ ಫೋನ್ ಮಾಡಿ ತುಂಬಾ ಹೊತ್ತು ಮಾತಾಡಿದರು. ಒಮ್ಮೆಯೂ ‘ಡಿಸೆಂಬರ್‌ಗೆ ಆಗುತ್ತಾ’ ಅಂತ ಕೇಳಲಿಲ್ಲ. ಕೇಳಬೇಕು ಅನ್ನಿಸಿದ್ದು ನನಗೆ ಗೊತ್ತಾಯಿತು.

2024ರ ಫೆಬ್ರುವರಿಯಲ್ಲಿ ಮೊದಲ ಟೂರ್ನಮೆಂಟ್. ರ‍್ಯಾಂಕ್ ಇಲ್ಲ, ಸೀಡ್ ಇಲ್ಲ. ಸೀಡ್ ಅಂದರೆ ಮೇಲಿನ ಆಟಗಾರರಿಗೆ ಟೂರ್ನಮೆಂಟ್‌ನಲ್ಲಿ ಕೊಡುವ ಕ್ರಮಾಂಕ; ಅದು ಇಲ್ಲದವರಿಗೆ ಮೊದಲ ಸುತ್ತಿನಲ್ಲೇ ಮೇಲಿನವರು ಸಿಗುತ್ತಾರೆ. ಸೋತಳು. ಮುಂದಿನದರಲ್ಲೂ ಸೋತಳು. ಆ ಬೇಸಿಗೆ ಪೂರ್ತಿ ಸೋಲು ಜಾಸ್ತಿ, ಗೆಲುವು ಕಡಿಮೆ. ಬೆನ್ನು ಮಾತ್ರ ನೋಯಲಿಲ್ಲ. ಹತ್ತೊಂಬತ್ತರೊಳಗಿನ ಗುಂಪಿನಲ್ಲಿ ಅವಳು ಹತ್ತಿದ ಅತಿ ಎತ್ತರದ ಸ್ಥಾನ ಹನ್ನೊಂದು. ಮೂರಕ್ಕೆ ಮತ್ತೆ ಬರಲೇ ಇಲ್ಲ.

ಅಮೆರಿಕದ ಲೆಕ್ಕ

ಒಂದು ವಿಷಯ ಬಿಟ್ಟರೆ ಈ ಪ್ರಕರಣ ಪೂರ್ತಿಯಾಗುವುದಿಲ್ಲ. ಅಷ್ಟೊಂದು ಅವಸರಕ್ಕೆ ಒಳಗಿನ ಕಾರಣ ಅಮೆರಿಕದ ಕಾಲೇಜು. ನಮ್ಮಲ್ಲಿ ಎಷ್ಟೋ ತಂದೆ ತಾಯಿ ‘ಸ್ಕ್ವಾಷ್ ಆಡಿದರೆ ಐವಿ ಲೀಗ್‌ನಲ್ಲಿ ಸ್ಕಾಲರ್‌ಶಿಪ್’ ಅಂತ ನಂಬಿದ್ದಾರೆ. ಈ ಅಪ್ಪನೂ ನಂಬಿದ್ದರು. ಐವಿ ಲೀಗ್, ಅಂದರೆ ಅಲ್ಲಿನ ಎಂಟು ಹೆಸರಾಂತ ವಿಶ್ವವಿದ್ಯಾಲಯಗಳು, ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಭಾರತದ ಹುಡುಗರು ತುಂಬಾ ಜನ ಆಡಿರುವ ಟ್ರಿನಿಟಿ ಕಾಲೇಜೂ ಕೊಡುವುದಿಲ್ಲ. 1998ರಿಂದ 2012ರವರೆಗೆ ಸತತ 252 ಪಂದ್ಯ ಗೆದ್ದ ತಂಡ ಅದು. ಆಟ ಚೆನ್ನಾಗಿದ್ದರೆ ಸೀಟು ಸಿಗಲು ಕೋಚ್ ಸಹಾಯ ಮಾಡಬಹುದು. ದುಡ್ಡಿನ ನೆರವು ಮನೆಯ ಆದಾಯ ನೋಡಿ, ಅದೂ ಕಾಲೇಜಿಗೊಂದು ನಿಯಮ. ಇದನ್ನು 2022ರಲ್ಲೇ ಸರಿಯಾಗಿ ತಿಳಿದುಕೊಂಡಿದ್ದರೆ ಜನವರಿಯ ಆ ಟಿಕೆಟ್ ಅಷ್ಟು ಭಾರವಾಗುತ್ತಿರಲಿಲ್ಲ.

ಮೂರನೇ ರ‍್ಯಾಂಕಿನಲ್ಲಿದ್ದಾಗ ಇಮೇಲ್ ಮಾಡಿದ್ದ ಅಮೆರಿಕದ ಕೋಚ್ ಆಮೇಲೆ ಉತ್ತರ ಕೊಡುವುದನ್ನು ನಿಲ್ಲಿಸಿದರು. ಹುಡುಗಿ ತಾನೇ ಕೂತು ಬೇರೆ ಕಾಲೇಜುಗಳಿಗೆ ಬರೆದಳು. ಗಾಯ ಬಚ್ಚಿಡಲಿಲ್ಲ. ಮೊದಲ ಸಾಲಿನಲ್ಲೇ ಒಂದು ವರ್ಷ ಆಡಿಲ್ಲ, ಯಾಕೆ ಅಂತ ಹೇಳಿ, ಹಳೆಯ ಫೋರ್‌ಹ್ಯಾಂಡ್, ಹೊಸ ಫೋರ್‌ಹ್ಯಾಂಡ್ ಅಕ್ಕಪಕ್ಕ ಇಟ್ಟ ವಿಡಿಯೊ ಕಳಿಸಿದಳು. ಅಪ್ಪನಿಗೆ ಇದು ಇಷ್ಟವಿರಲಿಲ್ಲ, ನನಗೂ ಸ್ವಲ್ಪ ಅನುಮಾನವಿತ್ತು. ಜಾಸ್ತಿ ಜನ ಉತ್ತರಿಸಲಿಲ್ಲ. ಇಬ್ಬರು ಉತ್ತರಿಸಿದರು. ಒಂದು ಕಡೆ ಓದಿನ ಅಂಕಕ್ಕೆ, ಮನೆಯ ಆದಾಯಕ್ಕೆ ತಕ್ಕಂತೆ ನೆರವೂ ಸಿಕ್ಕಿತು.

ಈಗ

ಅಲ್ಲಿ ಕಾಲೇಜು ಪಂದ್ಯ ಅಂದರೆ ಒಂಬತ್ತು ಜನರ ಎದುರು ಒಂಬತ್ತು ಜನ. ಇವಳು ಆರನೆಯವಳಾಗಿ ಆಡುತ್ತಾಳೆ. ವೃತ್ತಿಪರ ಪಿಎಸ್‌ಎ ಟೂರ್‌ಗೆ ಹೋಗುತ್ತಾಳಾ ಅಂದರೆ, ಇನ್ನೂ ತೀರ್ಮಾನಿಸಿಲ್ಲ. ಭಾರತದ ಆಟಗಾರ ರಮಿತ್ ಟಂಡನ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ನ್ಯೂಯಾರ್ಕ್‌ನಲ್ಲಿ ಕೆಲಸ ಮಾಡಿ, ಆಮೇಲೆ ಆಟಕ್ಕೆ ಮರಳಿದ್ದನ್ನು ನಾನು ನೆನಪಿಸಿದೆ. ‘ಗೊತ್ತು ಅಕ್ಕ, ಅಪ್ಪನೂ ದಿನಾ ಹೇಳ್ತಾರೆ’ ಅಂತ ನಕ್ಕಳು.

ಇದನ್ನು ಬರೆಯುವ ಮುಂಚೆ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದೆ. ಎಲ್ಲಿ ತಪ್ಪಿತು? ಅಪ್ಪನ ಪ್ರಕಾರ, ಇಂಗ್ಲೆಂಡಿಗೆ ಹೋಗದಿದ್ದರೆ ಸಾಕಿತ್ತು. ಅಮ್ಮನ ಪ್ರಕಾರ, ಹದಿನಾಲ್ಕಕ್ಕೇ ಊರು ಬಿಟ್ಟದ್ದು. ಚೆನ್ನೈ ಕೋಚ್ ಹೆಜ್ಜೆಯ ಬಗ್ಗೆ ಮಾತಾಡಿದರು. ನಾನು ಎಕ್ಸ್-ರೇ ದಿನ ಅನ್ನುತ್ತೇನೆ, ಆಮೇಲೆ ಭುಜಂಗಾಸನ ನೆನಪಾಗಿ ಸುಮ್ಮನಾಗುತ್ತೇನೆ. ಹುಡುಗಿ ಸ್ವಲ್ಪ ಯೋಚಿಸಿ ಹೇಳಿದಳು: ‘ನೋವಿದೆಯಾ ಅಂತ ನೀವೆಲ್ಲ ಕೇಳ್ತಿದ್ರಿ ಅಕ್ಕ. ಆದ್ರೆ ಯಾವಾಗ್ಲೂ ಕೋರ್ಟ್ ಬಾಗಿಲಲ್ಲಿ ನಿಂತು ಕೇಳ್ತಿದ್ರಿ. ನನ್ನ ಕೈಯಲ್ಲಿ ಆಗ್ಲೇ ರ‍್ಯಾಕೆಟ್ ಇರ್ತಿತ್ತು.’